ಕಪಾಟಿನ ಮೇಲಿನ ಮುಖ

ಎಡ್ಗರ್ ಅಲನ್ ಪೋ ಬರೆದ ‘ದಿ ರೇವನ್’ ಪದ್ಯದಲ್ಲಿ ನಡುರಾತ್ರಿ ಕಿಟಕಿಯಿಂದ ಒಳಗೆ ಬರುವ ಕಾಗೆ ಜಾತಿಯ ಆ ಕರಿಹಕ್ಕಿ ಕೋಣೆಯಲ್ಲಿ ಎಲ್ಲೆಂದರಲ್ಲಿ ಕೂರುವುದಿಲ್ಲ. ಬಾಗಿಲಿನ ಮೇಲೆ ಇಟ್ಟಿರುವ ಒಂದು ಅರ್ಧಪ್ರತಿಮೆಯ ತಲೆಯ ಮೇಲೆ ಹೋಗಿ ಕೂರುತ್ತದೆ. ಅದು ಗ್ರೀಕರ ಜ್ಞಾನದೇವತೆ ಪಾಲಸ್ ಅಥೀನಾಳ ಪ್ರತಿಮೆ. ಪದ್ಯ ಪ್ರಕಟವಾದದ್ದು 1845ರ ಜನವರಿಯಲ್ಲಿ. ಮರುವರ್ಷ ಪೋ ಅದನ್ನು ತಾನು ಕಟ್ಟಿದ ಬಗೆ ಹೇಗೆಂದು ವಿವರಿಸಿ ಒಂದು ಪ್ರಬಂಧವನ್ನೇ ಬರೆದ. ಅಲ್ಲಿ ಈ ಪ್ರತಿಮೆಗೂ ಲೆಕ್ಕ ಕೊಟ್ಟಿದ್ದಾನೆ: ಬಿಳಿ ಅಮೃತಶಿಲೆಯ ಮೇಲೆ ಕಪ್ಪು ಗರಿ ಎದ್ದು ಕಾಣಬೇಕು, ಕೋಣೆಯಲ್ಲಿರುವವನು ಓದಿಕೊಂಡವನೆಂದು ತಿಳಿಯಬೇಕು, ಪಾಲಸ್ ಎಂಬ ಹೆಸರಿಗೆ ಕಿವಿಯಲ್ಲಿ ಒಂದು ನಾದವಿರಬೇಕು.

ಈಗ ಆ ಪ್ರತಿಮೆಯ ಜಾಗಕ್ಕೆ ಪೋನೇ ಬಂದು ಕೂತಿದ್ದಾನೆ. ರೆಸಿನ್‌ನಲ್ಲಿ ಎರಕ ಹೊಯ್ದು ಕಂಚಿನ ಬಣ್ಣ ಬಳಿದ ಅವನ ಗೇಣುದ್ದದ ಅರ್ಧಪ್ರತಿಮೆಗಳು ಆನ್‌ಲೈನ್ ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತವೆ. ಕೆಲವದರಲ್ಲಿ ಹಕ್ಕಿ ಹೆಗಲ ಮೇಲಿದೆ, ಕೆಲವದರಲ್ಲಿ ತಲೆಯ ಮೇಲೇ. ಜೊತೆಗೆ ಲವ್‌ಕ್ರಾಫ್ಟ್ ಇದ್ದಾನೆ, ಒಮ್ಮೊಮ್ಮೆ ಬ್ರಾಮ್ ಸ್ಟೋಕರ್ ಕೂಡ. ಓದುಗರನ್ನು ಹೆದರಿಸುವುದನ್ನೇ ಕಸುಬಾಗಿ ಮಾಡಿಕೊಂಡವರು ಮನೆಯ ಅಲಂಕಾರದ ಸಾಮಾನಾದದ್ದು ಹೇಗೆ? ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಇದೆ. ಒಬ್ಬ ಲೇಖಕನ ತಲೆಯನ್ನು ಮನೆಯೊಳಗೆ ತಂದಿಟ್ಟುಕೊಂಡಾಗ ನಾವು ನಿಜವಾಗಿ ಏನನ್ನು ತಂದಿಟ್ಟುಕೊಂಡ ಹಾಗಾಯಿತು?

ಪುಸ್ತಕದ ಕಪಾಟಿಗೂ ಅರ್ಧಪ್ರತಿಮೆಗೂ ಯುರೋಪಿನಲ್ಲಿ ಹಳೆಯ ನಂಟು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಬರ್ಟ್ ಕಾಟನ್ ಎಂಬ ಶ್ರೀಮಂತ ಹಸ್ತಪ್ರತಿಗಳ ದೊಡ್ಡ ಸಂಗ್ರಹ ಮಾಡಿದ. ಅವನ ಹೆಚ್ಚಿನ ಕಪಾಟುಗಳ ಮೇಲೆ ರೋಮನ್ ಚಕ್ರವರ್ತಿಯೊಬ್ಬನ ಅರ್ಧಪ್ರತಿಮೆ ಇತ್ತು. ಪುಸ್ತಕದ ಗುರುತು ಹೇಳಬೇಕಾದರೆ ಕಪಾಟಿನ ಮೇಲಿರುವವನ ಹೆಸರು, ತಟ್ಟು, ಕ್ರಮಸಂಖ್ಯೆ, ಇಷ್ಟನ್ನು ಹೇಳಿದರೆ ಸಾಕು. ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗುರುತು ಮಾತ್ರ ಬದಲಾಗಿಲ್ಲ. ಹಳೆಯ ಇಂಗ್ಲಿಷಿನ ಮಹಾಕಾವ್ಯ ‘ಬೇವುಲ್ಫ್’ ಉಳಿದಿರುವ ಏಕೈಕ ಪ್ರತಿ ಇವತ್ತಿಗೂ ವಿಟೆಲಿಯಸ್‌ನ ಹೆಸರಿನಲ್ಲಿದೆ. ಲಿಂಡಿಸ್‌ಫಾರ್ನ್ ಸುವಾರ್ತೆಗಳೆಂಬ ಅಪೂರ್ವ ಚಿತ್ರಾಲಂಕೃತ ಗ್ರಂಥ ಇರುವುದು ನೀರೋನ ಹೆಸರಿನಲ್ಲಿ! ಕ್ರೈಸ್ತರನ್ನು ಹಿಂಸಿಸಿದವನೆಂದೇ ಹೆಸರಾದ ದೊರೆಯ ತಲೆಯ ಕೆಳಗೆ ಕ್ರಿಸ್ತನ ಕತೆ. ಇದರಿಂದ ಯಾರ ಮನಸ್ಸೂ ನೊಂದ ಹಾಗೆ ಕಾಣುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಕಾಟನ್‌ನಂಥವರ ಈ ಶೋಕಿ ಹದಿನೆಂಟನೆಯ ಶತಮಾನದಲ್ಲಿ ಕೆಳಗಿಳಿಯಲು ಶುರುವಾಯಿತು. ಜೊಸಾಯಾ ವೆಜ್‌ವುಡ್ ತನ್ನ ಕುಂಬಾರಿಕೆ ಕಾರ್ಖಾನೆಯಲ್ಲಿ 1768ರ ಸುಮಾರಿಗೆ ‘ಬ್ಲ್ಯಾಕ್ ಬಸಾಲ್ಟ್’ ಎಂಬ ಕಪ್ಪುಮಣ್ಣಿನ ಗಟ್ಟಿ ಸಾಮಗ್ರಿಯನ್ನು ಹದಕ್ಕೆ ತಂದ. ಅದರಲ್ಲಿ ಹೋಮರ್, ಶೇಕ್ಸ್‌ಪಿಯರ್, ಮಿಲ್ಟನ್ ಮುಂತಾದವರ ಅರ್ಧಪ್ರತಿಮೆಗಳನ್ನು ಮಾಡಿ ಮನೆಯ ಗ್ರಂಥಾಲಯಗಳಿಗೆಂದೇ ಮಾರಿದ. ಇನ್ನೂ ಅಗ್ಗದ ದಾರಿಯೆಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಇಟಲಿಯ ಲುಕ್ಕಾ ಸುತ್ತಲಿನ ಗುಡ್ಡಗಾಡಿನ ಊರುಗಳಿಂದ ಹೊರಟ ‘ಫಿಗುರಿನಾಯಿ’ಗಳು, ಅಂದರೆ ಬೊಂಬೆ ಮಾರುವವರು, ಅಚ್ಚುಗಳನ್ನು ಹೊತ್ತುಕೊಂಡು ಯುರೋಪು, ಅಮೆರಿಕ ಸುತ್ತಿದರು. ಎಲ್ಲಿ ಇಳಿದುಕೊಂಡರೋ ಅಲ್ಲೇ ಎರಕ ಹೊಯ್ದು, ಹಲಗೆಯ ಮೇಲೆ ಜೋಡಿಸಿ, ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಕೂಗಿ ಮಾರುತ್ತಿದ್ದರು. ಕೊರೆಲ್ಯಾ ಆಂತೆಲ್ಮಿನೆಲ್ಲಿ ಎಂಬ ಊರಿನಲ್ಲಿ ಈ ವಲಸೆಗಾರರ ನೆನಪಿಗೆ ಒಂದು ವಸ್ತುಸಂಗ್ರಹಾಲಯವೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರವೂ ಸೇರಿಕೊಂಡಿತು. ಬೆಂಜಮಿನ್ ಚೆವರ್ಟನ್ 1844ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಒಂದು ತುದಿ ದೊಡ್ಡ ಪ್ರತಿಮೆಯ ಮೈಯನ್ನು ಸವರುತ್ತ ಹೋದರೆ ಇನ್ನೊಂದು ತುದಿ ಅದನ್ನೇ ಚಿಕ್ಕದಾಗಿ ಕೆತ್ತುತ್ತಿತ್ತು. ಅದೇ ದಶಕದಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರು ಅಮೃತಶಿಲೆಯ ಹಾಗೆ ಕಾಣುವ ‘ಪೇರಿಯನ್’ ಎಂಬ ಪಿಂಗಾಣಿಯನ್ನು ತಂದರು. ಸ್ಕಾಟ್, ಬೈರನ್ ಮಧ್ಯಮ ವರ್ಗದ ಮನೆಯ ಬೆಂಕಿಗೂಡಿನ ಮೇಲೆ ಬಂದು ಕೂತದ್ದು ಹೀಗೆ.

ಗೋಥಿಕ್ ಕತೆಗೆ ಈ ಸಾಲಿನಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ. ವಿಚಿತ್ರವೆಂದರೆ ಆ ಪ್ರಕಾರ ಹುಟ್ಟಿದ್ದೇ ಮನೆ ಅಲಂಕಾರದ ಹುಚ್ಚಿನಿಂದ. ಹೊರೇಸ್ ವಾಲ್ಪೋಲ್ 1747ರಲ್ಲಿ ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ಹತ್ತಿರ ಒಂದು ಸಾಧಾರಣ ಮನೆ ಹಿಡಿದ. ಮುಂದಿನ ಕೆಲವು ದಶಕ ಅದಕ್ಕೆ ಗೋಪುರ, ಕೊತ್ತಲ, ಬಣ್ಣದ ಗಾಜು ಸೇರಿಸುತ್ತಾ ಹೋದ. ಅದೇ ಸ್ಟ್ರಾಬೆರಿ ಹಿಲ್. ಹಳೆಯ ಚರ್ಚುಗಳ ಸಮಾಧಿಗಳನ್ನು ನೋಡಿ ಬೆಂಕಿಗೂಡು ಮಾಡಿಸಿದ. ಉದ್ದ ಹಜಾರದ ಮೇಲ್ಚಾವಣಿಯ ಕಲ್ಲಿನ ಕುಸುರಿಯಂತೆ ಕಾಣುವುದು ಕಾಗದದ ರೊಟ್ಟು. ನೋಡಲು ಬರುವವರಿಗೆ ಟಿಕೆಟ್ ಕೊಡುತ್ತಿದ್ದ, ಮನೆಯ ಸಾಮಾನುಗಳ ವಿವರಣೆಯನ್ನು ತನ್ನದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದ. 1764ರ ಜೂನ್‌ನಲ್ಲಿ ಒಂದು ರಾತ್ರಿ ಅವನಿಗೆ ಕನಸು ಬಿತ್ತು. ಹಳೆಯ ಕೋಟೆಯೊಂದರ ಮೆಟ್ಟಿಲಿನ ಕಟಾಂಜನದ ಮೇಲೆ ಕವಚ ತೊಟ್ಟ ದೈತ್ಯ ಕೈ! ಆ ಕನಸೇ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಆಯಿತು. ಮೊದಲ ಗೋಥಿಕ್ ಕಾದಂಬರಿ ಎಂಬ ಹೆಸರು ಅದಕ್ಕಿದೆ.

ಆ ಕಾದಂಬರಿಯಲ್ಲಿ ಆಲ್ಫೊನ್ಸೊ ಎಂಬ ಹಳೆಯ ದೊರೆಯ ಪ್ರತಿಮೆಯಿದೆ. ಅನ್ಯಾಯವಾಗಿ ಪಟ್ಟ ಹಿಡಿದವನು ಎದುರಿಗೆ ನಿಂತಾಗ ಆ ಕಲ್ಲಿನ ಮೂಗಿನಿಂದ ರಕ್ತ ಸುರಿಯುತ್ತದೆ. ಗೋಥಿಕ್ ಕತೆಯಲ್ಲಿ ಪ್ರತಿಮೆ ಎಂದೂ ಸುಮ್ಮನೆ ಇರುವುದಿಲ್ಲ. ಹಿಂದೆ ನಡೆದ ಅನ್ಯಾಯ ಕಲ್ಲಿನೊಳಗೆ ಕಾದು ಕೂತಿರುತ್ತದೆ. ಮನೆಯ ಅಲಂಕಾರ ಬಯಸುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಅಲ್ಲಿ ಪ್ರತಿಮೆ ಸುಮ್ಮನಿರಬೇಕು, ಒರೆಸಿದರೆ ಹೊಳೆಯಬೇಕು, ಬಂದವರು ಕೇಳಿದರೆ ಎರಡು ಮಾತಿನಲ್ಲಿ ಮುಗಿಯುವ ಪರಿಚಯವಿರಬೇಕು.

ಪೋ ಈ ಮರ್ಯಾದೆ ಗಳಿಸಿದ್ದು ಸುಲಭವಾಗಿಯೇನಲ್ಲ. 1849ರ ಅಕ್ಟೋಬರ್ 7ರಂದು ಬಾಲ್ಟಿಮೋರಿನಲ್ಲಿ ಸತ್ತಾಗ, ಅವನನ್ನು ಕಂಡರಾಗದ ರೂಫಸ್ ಗ್ರಿಸ್ವೋಲ್ಡ್ ಬರೆದ ಮರಣವಾರ್ತೆಯೇ ಎಲ್ಲೆಡೆ ಹರಡಿತು. ಕುಡುಕ, ನೀತಿಗೆಟ್ಟವನು ಎಂಬ ಹೆಸರು ದಶಕಗಳ ಕಾಲ ಅಂಟಿಕೊಂಡಿತ್ತು. ಸಮಾಧಿಗೆ ಸರಿಯಾದ ಸ್ಮಾರಕ ಬಂದದ್ದೇ 1875ರಲ್ಲಿ. ಅವನು ಕೆಲವೇ ತಿಂಗಳು ಓದಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಜೂಲಿಯನ್ ಜೊಲ್ನೆ ಮಾಡಿದ ಕಂಚಿನ ಅರ್ಧಪ್ರತಿಮೆಯನ್ನು ಇಟ್ಟಿದ್ದು 1899ರಲ್ಲಿ, ಸತ್ತು ಐವತ್ತು ವರ್ಷ ತುಂಬಿದ ದಿನ. ನ್ಯೂಯಾರ್ಕಿನಲ್ಲಿ ‘ಮಹಾನ್ ಅಮೆರಿಕನ್ನರ’ ಅರ್ಧಪ್ರತಿಮೆಗಳಿಗೆಂದು ಕಟ್ಟಿದ ಹಾಲ್ ಆಫ್ ಫೇಮ್‌ಗೆ 1900ರಲ್ಲಿ ಮೊದಲ ಆಯ್ಕೆ ನಡೆದಾಗ ಪೋ ಆಯ್ಕೆಯಾಗಲಿಲ್ಲ. ಒಳಗೆ ಬರಲು 1910ರವರೆಗೆ ಕಾಯಬೇಕಾಯಿತು. ಊರು ಒಪ್ಪಿದ ಮೇಲೆ ಮನೆ ಒಪ್ಪಿತು. 1946ರಿಂದ ಅಮೆರಿಕದ ಪತ್ತೇದಾರಿ ಬರಹಗಾರರ ಸಂಘ ವರ್ಷಕ್ಕೊಮ್ಮೆ ಕೊಡುತ್ತಿರುವ ಪ್ರಶಸ್ತಿಗೆ ‘ಎಡ್ಗರ್’ ಎಂದೇ ಹೆಸರು. ಗೆದ್ದವರು ಮನೆಗೆ ಒಯ್ಯುವುದು ಪಿಂಗಾಣಿಯ ಒಂದು ಪುಟ್ಟ ಪೋ.

ನಮ್ಮ ಮನೆಗೂ ಒಬ್ಬ ಪೋ ಬಂದಿದ್ದಾನೆ. ಅಮೆರಿಕದಲ್ಲಿರುವ ಅಣ್ಣನ ಮಗಳು ತಂದುಕೊಟ್ಟದ್ದು. ಅದನ್ನು ಮೊದಲು ನೋಡಿದಾಗ ಅಮ್ಮ, “ಯಾರಪ್ಪಾ ಇವರು? ಮೈ ಹುಷಾರಿಲ್ಲದವರನ್ನ ಎಬ್ಬಿಸಿ ಕೂರಿಸಿದ ಹಾಗಿದೆಯಲ್ಲ” ಎಂದರು. ಪೋನ ಹೆಸರನ್ನೂ ಕೇಳದ ಅಮ್ಮನ ಕಣ್ಣಿಗೆ ಬಿದ್ದದ್ದು ಇತಿಹಾಸದ ನಿಜ.

ಯಾಕೆಂದರೆ ಈ ಪ್ರತಿಮೆಗಳಲ್ಲಿ ಹೆಚ್ಚಿನವು ಅನುಸರಿಸುವುದು ಅವನ ಕೊನೆಯ ವರ್ಷಗಳ ಫೋಟೋಗಳನ್ನು. ಅವುಗಳಲ್ಲಿ ಅತಿ ಹೆಸರಾದದ್ದು 1848ರ ನವೆಂಬರ್ 9ರಂದು ಪ್ರಾವಿಡೆನ್ಸ್ ಊರಿನಲ್ಲಿ ತೆಗೆದ ಡಗೆರೊಟೈಪ್. ಅದಕ್ಕೆ ನಾಲ್ಕು ದಿನ ಮೊದಲು ಪೋ ಅಫೀಮಿನ ದ್ರಾವಣ ಕುಡಿದು ಸಾಯಲು ಹೊರಟಿದ್ದ. ಹಾಗೆಂದು ಅವನೇ ಅದೇ ತಿಂಗಳು ಒಂದು ಪತ್ರದಲ್ಲಿ ಬರೆದ. ಹೆಂಡತಿ ವರ್ಜೀನಿಯಾ ಕ್ಷಯದಿಂದ ಸತ್ತು ಎರಡು ವರ್ಷವೂ ಆಗಿರಲಿಲ್ಲ. ಪ್ರಾವಿಡೆನ್ಸಿಗೆ ಬಂದದ್ದು ಕವಯಿತ್ರಿ ಸಾರಾ ಹೆಲೆನ್ ವಿಟ್ಮನ್‌ಳನ್ನು ಮದುವೆಗೆ ಒಪ್ಪಿಸಲು. ಆ ಚಿತ್ರಕ್ಕೆ ‘ಅಲ್ಟಿಮಾ ಥೂಲೆ’, ಅಂದರೆ ಲೋಕದ ಕಟ್ಟಕಡೆಯ ನೆಲ, ಎಂದು ಹೆಸರಿಟ್ಟವಳು ಅವಳೇ. ಅದರಲ್ಲಿ ಒಂದು ಕಣ್ಣು ಇನ್ನೊಂದಕ್ಕಿಂತ ಇಳಿದಿದೆ, ಬಾಯಿ ಒಂದು ಕಡೆಗೆ ವಾಲಿದೆ, ಹಣೆ ಗಂಟಿಕ್ಕಿದೆ. ‘ದಿ ರೇವನ್’ ಬಂದ ವರ್ಷದ ಸುಮಾರಿಗೆ ಸ್ಯಾಮುಯೆಲ್ ಆಸ್ಗುಡ್ ಬರೆದ ತೈಲಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇರೆಯೇ ಮನುಷ್ಯ. ಮೀಸೆಯಿಲ್ಲ, ಮುಖದಲ್ಲಿ ಒಂದು ಮೆದುತನವಿದೆ. ಆದರೆ ಆ ಪೋನನ್ನು ಯಾರೂ ಎರಕ ಹೊಯ್ಯುವುದಿಲ್ಲ, ಯಾಕೆಂದರೆ ಅವನು ಪೋನ ಹಾಗೆ ಕಾಣುವುದಿಲ್ಲ! ಭಯದ ಕತೆ ಬರೆದವನ ಮುಖದಲ್ಲಿ ಭಯ ಕಾಣಬೇಕು ಎಂಬುದು ಕೊಳ್ಳುವವರ ಬಯಕೆ. ಹಾಗಾಗಿ ಒಬ್ಬ ಮನುಷ್ಯನ ಬಾಳಿನ ಅತಿ ಕೆಟ್ಟ ವಾರ ಸಾವಿರಾರು ಮನೆಗಳ ಅಲಂಕಾರವಾಗಿದೆ.

ಮೇರಿ ಶೆಲ್ಲಿಯ ಕತೆ ಇನ್ನೊಂದು ಬಗೆಯದು. ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾಯಿತು. ಇವತ್ತು ಆ ಕಾದಂಬರಿಯ ನೆನಪಿಗೆ ಮನೆಗೆ ತರುವ ಬೊಂಬೆಯೆಂದರೆ ಚಪ್ಪಟೆ ತಲೆಯ, ಕುತ್ತಿಗೆಗೆ ಬೋಲ್ಟು ಬಡಿದ ದೈತ್ಯ. ಅದು ಅವಳ ಕಲ್ಪನೆಯೂ ಅಲ್ಲ; 1931ರ ಹಾಲಿವುಡ್ ಚಿತ್ರಕ್ಕಾಗಿ ಜ್ಯಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದ ನಟ ಬೋರಿಸ್ ಕಾರ್ಲಾಫ್‌ಗೆ ಹಾಕಿದ ಬಣ್ಣ. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಹಳೆಯ ಚರ್ಚಿನಲ್ಲಿ ಅವಳ ರೂಪವಿರುವ ಒಂದು ಅಮೃತಶಿಲೆಯ ಶಿಲ್ಪವಿದೆ, ನಿಜ. ಅವಳ ಮಗ ಮತ್ತು ಸೊಸೆ ಹೆನ್ರಿ ವೀಕ್ಸ್ ಎಂಬ ಶಿಲ್ಪಿಯಿಂದ 1850ರ ದಶಕದಲ್ಲಿ ಮಾಡಿಸಿದ್ದು. ಅಲ್ಲಿ ಮೇರಿ ಸಮುದ್ರದಲ್ಲಿ ಮುಳುಗಿ ಸತ್ತ ಗಂಡ, ಕವಿ ಶೆಲ್ಲಿಯ ದೇಹವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಮಗನ ಶವ ಹಿಡಿದ ಮರಿಯಮ್ಮನ ಭಂಗಿ. ಹತ್ತೊಂಬತ್ತರ ಪ್ರಾಯಕ್ಕೂ ಮುಂಚೆ ಆ ಕತೆಯನ್ನು ಶುರುಮಾಡಿದ ಲೇಖಕಿ ಅಲ್ಲಿ ಅಳುವ ಹೆಂಡತಿ ಮಾತ್ರ. ಪೋಗೆ ಅವನ ನೋವು ಮುಖವಾಯಿತು. ಇವಳಿಗೆ ಅಷ್ಟೂ ಇಲ್ಲ, ಒಂದು ಕಡೆ ಗಂಡ, ಇನ್ನೊಂದು ಕಡೆ ದೈತ್ಯ.

ಈ ಇಬ್ಬರ ಪ್ರತಿಮೆಗಳಿಂದ ಮನೆಯವರ ನೆಮ್ಮದಿಯೇನೂ ಕೆಡಲಿಲ್ಲ. ಆ ಕೆಲಸ ಮಾಡಿದ್ದು ಹವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್‌ನ ತಲೆ. ಪೋ ಮದುವೆಯ ಆಸೆ ಹೊತ್ತು ಬಂದಿದ್ದ ಅದೇ ಪ್ರಾವಿಡೆನ್ಸಿನಲ್ಲಿ ಲವ್‌ಕ್ರಾಫ್ಟ್ 1890ರಲ್ಲಿ ಹುಟ್ಟಿ, 1937ರಲ್ಲಿ ಬಡತನದಲ್ಲೇ ಸತ್ತ. ಪೋ ಅವನಿಗೆ ಗುರುಸಮಾನ. ಅಲೌಕಿಕ ಭಯದ ಸಾಹಿತ್ಯದ ಚರಿತ್ರೆ ಹೇಳುವ ತನ್ನ ದೀರ್ಘ ಪ್ರಬಂಧದಲ್ಲಿ ಪೋಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಬದುಕಿದ್ದಾಗ ಅಗ್ಗದ ಪತ್ರಿಕೆಗಳಾಚೆ ಅವನನ್ನು ಬಲ್ಲವರು ಕಡಿಮೆ. ಸತ್ತ ಮೇಲೆ ಗೆಳೆಯರು ಪುಸ್ತಕ ತಂದರು, ಓದುಗರು ಬೆಳೆದರು. 1975ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಆರಂಭವಾದಾಗ ಮೊದಲ ಸಮಾವೇಶ ನಡೆದದ್ದು ಪ್ರಾವಿಡೆನ್ಸಿನಲ್ಲೇ. ವ್ಯಂಗ್ಯಚಿತ್ರಕಾರ ಗೇಹನ್ ವಿಲ್ಸನ್ ರೂಪಿಸಿದ ಲವ್‌ಕ್ರಾಫ್ಟ್‌ನ ಉದ್ದ ಗಲ್ಲದ ಅರ್ಧಪ್ರತಿಮೆಯೇ ಪ್ರಶಸ್ತಿ ಫಲಕವಾಯಿತು. ಪ್ರೀತಿಯಿಂದ ಅದನ್ನು ‘ಹವರ್ಡ್’ ಎಂದು ಕರೆಯುತ್ತಿದ್ದರು.

ಲವ್‌ಕ್ರಾಫ್ಟ್ ಕಡು ಜನಾಂಗದ್ವೇಷಿ. ಅವನ ಪತ್ರಗಳಲ್ಲಿ, ಕೆಲವು ಕತೆಗಳಲ್ಲಿ ಅದು ಢಾಳಾಗಿದೆ. 1912ರ ಒಂದು ಪದ್ಯವಂತೂ ಕಪ್ಪು ಜನರನ್ನು ಮನುಷ್ಯರೆಂದೇ ಒಪ್ಪುವುದಿಲ್ಲ. 2011ರಲ್ಲಿ ‘ಹೂ ಫಿಯರ್ಸ್ ಡೆತ್’ ಕಾದಂಬರಿಗಾಗಿ ಆ ಪ್ರಶಸ್ತಿ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನ್ನೆಡಿ ಒಕೊರಾಫೋರ್ ಅವರಿಗೆ ಬಂತು. ಕಾದಂಬರಿ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ಬರಹಗಾರರು ಅವರು. ಪ್ರತಿಮೆ ಮನೆಗೆ ಬಂದಮೇಲೆ ಗೆಳೆಯರೊಬ್ಬರು ಆ ಪದ್ಯವನ್ನು ಅವರ ಗಮನಕ್ಕೆ ತಂದರು. ತನ್ನಂಥವರನ್ನು ಹೀಗಳೆದವನ ತಲೆ ಈಗ ತನ್ನ ಮನೆಯಲ್ಲಿದೆ, ತನ್ನ ಬರವಣಿಗೆಗೆ ಸಿಕ್ಕ ದೊಡ್ಡ ಗೌರವಗಳಲ್ಲಿ ಅದೂ ಒಂದು ಎಂಬ ಇಕ್ಕಟ್ಟನ್ನು ಅವರು ಬರೆದು ತೋಡಿಕೊಂಡರು. ಇಂಗ್ಲೆಂಡಿನ ಲೇಖಕ ಚೈನಾ ಮಿಯೆವಿಲ್ ಅದಕ್ಕೂ ಮೊದಲೇ ತಮಗೆ ಬಂದಿದ್ದ ಪ್ರತಿಮೆಗೆ ಒಂದು ಉಪಾಯ ಹುಡುಕಿಕೊಂಡಿದ್ದರು. ಅದರ ಮುಖವನ್ನು ಆಚೆ ತಿರುಗಿಸಿ, ಅದರ ಬೆನ್ನ ಹಿಂದೆ ಕೂತು ಬರೆಯುವುದು.

2014ರಲ್ಲಿ ಡೇನಿಯಲ್ ಹೋಸೆ ಓಲ್ಡರ್ ಎಂಬ ಲೇಖಕರು ಲವ್‌ಕ್ರಾಫ್ಟ್ ಬದಲು ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ ಪ್ರತಿಮೆ ಕೊಡಿ ಎಂದು ಸಹಿ ಸಂಗ್ರಹಿಸಿದರು. ಅದೇ ವರ್ಷ ಕಾದಂಬರಿ ಪ್ರಶಸ್ತಿ ಗೆದ್ದ ಸೋಫಿಯಾ ಸಮತರ್ ವೇದಿಕೆಯ ಮೇಲೆಯೇ ಈ ಮುಜುಗರವನ್ನು ಎತ್ತಿದರು. 2015ರ ನವೆಂಬರಿನಲ್ಲಿ, ಇನ್ನು ಮುಂದೆ ಲವ್‌ಕ್ರಾಫ್ಟ್‌ನ ತಲೆ ಇರುವುದಿಲ್ಲ ಎಂದು ಸಂಘಟಕರು ಹೇಳಿದರು.

ಆಗ ಅತಿ ಗಟ್ಟಿಯಾಗಿ ಪ್ರತಿಭಟಿಸಿದವರು ಪುಣೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ವಿದ್ವಾಂಸ ಎಸ್. ಟಿ. ಜೋಶಿ. ಲವ್‌ಕ್ರಾಫ್ಟ್‌ನ ಹಸ್ತಪ್ರತಿಗಳನ್ನು ಜಾಲಾಡಿ ಶುದ್ಧಪಾಠ ಸಿದ್ಧಪಡಿಸಿದವರು, ಎರಡು ಸಂಪುಟಗಳ ಜೀವನಚರಿತ್ರೆ ಬರೆದವರು ಇವರೇ. ಅವನ ಜನಾಂಗದ್ವೇಷವನ್ನು ಅವರು ಮುಚ್ಚಿಟ್ಟವರಲ್ಲ, ಜೀವನಚರಿತ್ರೆಯಲ್ಲಿ ಅದೆಲ್ಲ ದಾಖಲಾಗಿದೆ. ಆದರೆ ಗೌರವ ಸಂದದ್ದು ಬರಹಕ್ಕೆ, ಸಂಘಟಕರು ಅಂಜಿ ಮಣಿದರು ಎಂಬುದು ಅವರ ವಾದ. ತಮಗೆ ಬಂದಿದ್ದ ಎರಡು ಪ್ರತಿಮೆಗಳನ್ನೂ ಹಿಂದಿರುಗಿಸಿಬಿಟ್ಟರು.

ಈ ಚಿತ್ರ ನನ್ನನ್ನು ಬಹಳ ದಿನ ಕಾಡಿದೆ. ಇಬ್ಬರ ಮನೆಗೂ ಬಂದದ್ದು ಒಂದೇ ಅಚ್ಚಿನ ತಲೆ. ಇಬ್ಬರೂ ಲವ್‌ಕ್ರಾಫ್ಟ್ ತನ್ನ ಊರಿನಲ್ಲಿ ಸಹಿಸದೇ ಇರಬಹುದಾಗಿದ್ದ ಬಣ್ಣದವರು. ಒಬ್ಬರಿಗೆ ಅದು ಬದುಕಿಡೀ ಮಾಡಿದ ಕೆಲಸದ ಗುರುತು, ಇನ್ನೊಬ್ಬರಿಗೆ ಮನೆಯೊಳಗೇ ಬಂದು ಕೂತ ಅವಮಾನ. ಜೋಶಿಯವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಬರಹಗಾರನ ಗುಣ ನೋಡಿಯೇ ಪುಸ್ತಕ ಇಟ್ಟುಕೊಳ್ಳುವುದಾದರೆ ನಮ್ಮ ಕಪಾಟುಗಳು ಅರ್ಧಕ್ಕರ್ಧ ಖಾಲಿಯಾದಾವು. ಆದರೆ ಪ್ರತಿಮೆ ಪುಸ್ತಕವಲ್ಲ. ಪುಸ್ತಕದಲ್ಲಿ ಬರಹ ಮುಂದೆ, ಮನುಷ್ಯ ಹಿಂದೆ. ಬೇಡವೆನಿಸಿದಾಗ ಅದನ್ನು ಮುಚ್ಚಿಡಬಹುದು. ಪ್ರತಿಮೆಯಲ್ಲಿ ಬರಹವೇ ಇಲ್ಲ, ಇರುವುದು ಮನುಷ್ಯನ ಮುಖ ಮಾತ್ರ, ಅದನ್ನು ಮುಚ್ಚುವುದು ಹೇಗೆ? ಗೌರವ ಬರಹಕ್ಕೆ ಎನ್ನುವವರು ಮುಖವನ್ನೇ ಕೊಡಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ಸ್ಟೋಕರ್ ಹೆಸರಿನ ಪ್ರಶಸ್ತಿ ಇದನ್ನು ಮೊದಲೇ ಕಂಡುಕೊಂಡಿತ್ತು. ಭಯದ ಕತೆಗಾರರ ಸಂಘ ಕೊಡುವ ಆ ಫಲಕದಲ್ಲಿ ಸ್ಟೋಕರ್‌ನ ಮುಖವಿಲ್ಲ, ಒಂದು ಪುಟ್ಟ ಭೂತದ ಮನೆಯಿದೆ. ಅದರ ಬಾಗಿಲು ತೆರೆದರೆ ಒಳಗೆ ಗೆದ್ದವರ ಹೆಸರು. ವರ್ಲ್ಡ್ ಫ್ಯಾಂಟಸಿಯವರೂ 2017ರಲ್ಲಿ ವಿನ್ಸೆಂಟ್ ವಿಲಾಫ್ರಾಂಕಾ ರೂಪಿಸಿದ ಹೊಸ ಫಲಕಕ್ಕೆ ಬಂದರು. ಬಳುಕಿದ ಒಂದು ಮರ, ಅದರ ಹಿಂದೆ ಹುಣ್ಣಿಮೆ ಚಂದ್ರ.

ಲವ್‌ಕ್ರಾಫ್ಟ್ ಊರಿನಿಂದಲೇನೂ ಹೊರಬೀಳಲಿಲ್ಲ. ಪ್ರಾವಿಡೆನ್ಸಿನ ಹಳೆಯ ಗ್ರಂಥಾಲಯ ಅಥಿನೇಯಂನಲ್ಲಿ, ಒಂದು ಕಾಲಕ್ಕೆ ಪೋ ಮತ್ತು ವಿಟ್ಮನ್ ಕೂತು ಮಾತಾಡಿದ್ದ ಕಟ್ಟಡದಲ್ಲಿ, 2013ರಿಂದ ಅವನ ಕಂಚಿನ ಅರ್ಧಪ್ರತಿಮೆಯಿದೆ. ಅಭಿಮಾನಿಗಳು ಚಂದಾ ಎತ್ತಿ ಬ್ರಯಾನ್ ಮೂರ್ ಎಂಬ ಶಿಲ್ಪಿಯಿಂದ ಮಾಡಿಸಿದ್ದು. ಗ್ರಂಥಾಲಯದ ಪ್ರತಿಮೆಯ ಮುಂದೆ ನಿಲ್ಲಬಹುದು, ವಾದಿಸಬಹುದು, ಎದ್ದು ಮನೆಗೆ ಬರಬಹುದು. ಮನೆಯದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಕಾಟನ್‌ನ ಕಪಾಟಿನ ಮೇಲಿದ್ದ ನೀರೋ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ, ಯಾಕೆಂದರೆ ಅವನಿಂದ ನೊಂದವರು ಅಷ್ಟರಲ್ಲಿ ಒಂದೂವರೆ ಸಾವಿರ ವರ್ಷ ದೂರ ಹೋಗಿದ್ದರು. ಮುಖವೊಂದು ಅಲಂಕಾರವಾಗುವುದು ಅದು ನೋಯಿಸಬಲ್ಲವರು ಯಾರೂ ಉಳಿಯದಿದ್ದಾಗ. ಲವ್‌ಕ್ರಾಫ್ಟ್‌ಗೆ ಆ ಕಾಲ ಇನ್ನೂ ಬಂದಿಲ್ಲ. ವಾಲ್ಪೋಲ್‌ನ ಕತೆಯಲ್ಲಿ ಕಲ್ಲಿನ ಮೂಗಿನಿಂದ ರಕ್ತ ಸುರಿದದ್ದು ಊರಿನವರಿಗೆಲ್ಲ ಕಾಣಲೆಂದಲ್ಲ, ಎದುರಿಗೆ ನಿಂತಿದ್ದ ಕೆಲವರಿಗಾಗಿ. ಕಪಾಟಿನ ಮೇಲಿನ ಮುಖವೂ ಹಾಗೆಯೇ. ಹತ್ತು ಮಂದಿಗೆ ಅದು ಬೊಂಬೆ. ಹನ್ನೊಂದನೆಯವರು ಬಂದು ನಿಂತಾಗ ಕಲ್ಲು ಒದ್ದೆಯಾಗುತ್ತದೆ.